ಫೋನಿನಲ್ಲಿ ಬಂದ ವಾಸನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಹತ್ತಿರ ಕಥೆಗಳಿಗೆ ಬರವಿಲ್ಲ. ಯಾರೂ ಮುಟ್ಟದ ಗಂಟೆ ತಾನಾಗಿ ಹೊಡೆದುಕೊಂಡಿತಂತೆ, ತೀರಿಕೊಂಡ ಅಜ್ಜಿ ಬಂದು ನೀರು ಕೇಳಿದಳಂತೆ, ಹೀಗೆ. ನಮ್ಮ ವಾರ್ಡಿನ ಮೂಲೆಯ ಹಾಸಿಗೆಗೂ ಅಂಥದ್ದೊಂದು ಹೆಸರಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಅದರ ಹತ್ತಿರ ಹೋಗಲು ಹೆದರುತ್ತಿದ್ದರು. ನಾನು ಮಧ್ಯಾಹ್ನ ಊಟ ಮುಗಿಸಿ ಬೇಕೆಂದೇ ಅದರ ಮೇಲೆ ಅಡ್ಡಾಗಿ, ಒಂದು ಸಣ್ಣ ಗೊರಕೆ ಹೊಡೆದು ಎದ್ದು ಬಂದು, "ಪಾಪ, ದೆವ್ವ ಸ್ವಲ್ಪ ಸರಿದು ಜಾಗ ಕೊಡ್ತು ಕಣ್ರೇ" ಎನ್ನುತ್ತಿದ್ದೆ. ಹಾಗಾಗಿ ಈಗ ನಾನು ಬರೆಯಲು ಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ನಾನು ಕಳಸದ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್. ವಾರಕ್ಕೊಂದು ದಿನ ಸಕ್ಕರೆ ಕಾಯಿಲೆ ಮತ್ತು ಥೈರಾಯ್ಡ್ ಇರುವವರಿಗೆಂದೇ ನಮ್ಮಲ್ಲಿ ಕ್ಲಿನಿಕ್ ನಡೆಯುತ್ತದೆ. ಊರವರ ಬಾಯಲ್ಲಿ ಅದು 'ಶುಗರ್ ವಾರ'. ಔಷಧಿ ಬರೆಯುವುದು ಡಾಕ್ಟರ ಕೆಲಸ, ಉಳಿದದ್ದೆಲ್ಲ ನನ್ನದು. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸಬೇಕು, ಫ್ರಿಜ್ ಇಲ್ಲದ ಮನೆಯಲ್ಲಿ ಅದನ್ನು ಒದ್ದೆ ಮರಳಿನ ಮಡಕೆಯಲ್ಲಿ ಹೇಗಿಡಬೇಕೆಂದು ತೋರಿಸಬೇಕು, ಸಕ್ಕರೆ ಇಳಿದು ತಲೆ ಸುತ್ತಿದರೆ ಬಾಯಿಗೆ ಹಾಕಿಕೊಳ್ಳಲು ಕಾಫಿ ಕೊಯ್ಯಲು ಹೋಗುವವರ ಸೆರಗಿನಲ್ಲಿ ಬೆಲ್ಲದ ಚೂರು ಇದೆಯೇ ಎಂದು ವಿಚಾರಿಸಬೇಕು. ಇವೆಲ್ಲಕ್ಕಿಂತ ಕಷ್ಟದ್ದು ಥೈರಾಯ್ಡ್ ಹೆಂಗಸರಿಗೆ "ಬೆಳಿಗ್ಗೆ ಮಾತ್ರೆ ನುಂಗಿದ ಕೂಡ್ಲೇ ಕಾಫಿ ಕುಡೀಬೇಡಿ" ಎಂದು ಹೇಳುವುದು. ಕಾಫಿ ಬೆಳೆಯುವ ಸೀಮೆಯಲ್ಲಿ ಈ ಮಾತು ಆಡಲು ಎಂಟೆದೆ ಬೇಕು.

ನನ್ನ ಮೂಗಿನ ಬಗ್ಗೆಯೂ ಹೇಳಬೇಕು. ನಮ್ಮ ತಂದೆ ಗೋಣಿಬೀಡಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು, ಜೊತೆಗೆ ಏಲಕ್ಕಿ ವ್ಯಾಪಾರ ಮಾಡುತ್ತಿದ್ದರು. ಬೆಳಿಗ್ಗೆ ವಿಭೂತಿ ಹಚ್ಚಿ ಗಲ್ಲಾಪೆಟ್ಟಿಗೆಯ ಮುಂದೆ ಕೂತರೆ, ಚೀಲದ ಬಾಯಿ ಬಿಚ್ಚಿ ಒಂದು ಸಲ ಮೂಸಿ ಮಾಲಿಗೆ ಬೆಲೆ ಕಟ್ಟುತ್ತಿದ್ದರು. ಅವರಿಂದ ನನಗೆ ಬಂದ ಆಸ್ತಿಯೆಂದರೆ ಆ ಮೂಗೊಂದೇ. ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ಮೈಯಲ್ಲಿ ಇನ್ಸುಲಿನ್ ಪೂರ್ತಿ ಬತ್ತಿಹೋದಾಗ ಕೀಟೋನ್ ಎಂಬ ವಿಷ ರಕ್ತದಲ್ಲಿ ಏರುತ್ತದೆ. ಆಗ ಉಸಿರಿಗೆ ಒಂದು ವಾಸನೆ ಬರುತ್ತದೆ. ಕಳಿತು ಕಪ್ಪಾದ ಬಾಳೆಹಣ್ಣು, ಅದರೊಳಗೆ ಉಗುರು ಬಣ್ಣ ಒರೆಸುವ ದ್ರವದ ಘಾಟು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಗದಿದ್ದರೆ ಮನುಷ್ಯ ಉಳಿಯುವುದಿಲ್ಲ. ಎಷ್ಟೋ ಜನಕ್ಕೆ ಈ ವಾಸನೆ ಗೊತ್ತೇ ಆಗುವುದಿಲ್ಲ, ನನಗೆ ವಾರ್ಡಿನ ಬಾಗಿಲಲ್ಲೇ ಗೊತ್ತಾಗುತ್ತಿತ್ತು. "ಸಿಸ್ಟರ್ ಮೂಗು ಇರೋವರೆಗೆ ನಮಗೆ ಲ್ಯಾಬ್ ಬೇಡ" ಎಂದು ಡಾಕ್ಟರು ತಮಾಷೆ ಮಾಡುತ್ತಿದ್ದರು. ನಾನು ಒಳಗೊಳಗೇ ಬೀಗುತ್ತಿದ್ದೆ.

ಆ ಮೂಗು ಕೊರೊನಾದಲ್ಲಿ ಹೋಯಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ಹೋದದ್ದು ವಾಪಸು ಬರಲೇ ಇಲ್ಲ. ತಿಂಗಳುಗಳು ಕಳೆದವು. ಕಾಫಿ ಎಂದರೆ ಬಿಸಿನೀರು, ಸಾರು ಎಂದರೆ ಉಪ್ಪುನೀರು. ಒಲೆಯ ಮೇಲೆ ಹಾಲು ಸೀದು ತಳ ಹಿಡಿದರೂ ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದೆ. ಮನೆಯವರು ನಗುತ್ತಿದ್ದರು, ನಾನೂ ನಕ್ಕಂತೆ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ವಾರ್ಡಿನಲ್ಲಿ ನನಗೆ ಅಳು ಬರುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಡಾಡಿದ ಹಾಗೆ ಅನಿಸುತ್ತಿತ್ತು.

ಇನ್ನು ಸುಂದರ ಮತ್ತು ಗಿರಿಜಾರ ವಿಷಯ. ಸಂಸೆಯ ಮೇಲ್ಗಡೆಯ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಗಂಡ ಹೆಂಡತಿ ಇದ್ದರು. ಸುಂದರ ಪಲ್ಪರ್ ಮನೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಸುವ ಕೆಲಸದವನು, ಗಿರಿಜಾ ಕೊಯ್ಲಿಗೆ ಹೋಗುವವಳು. ಅವನಿಗೆ ಇನ್ಸುಲಿನ್, ಅವಳಿಗೆ ಥೈರಾಯ್ಡ್ ಮಾತ್ರೆ, ಹಾಗಾಗಿ ಇಬ್ಬರೂ ನನ್ನ ಗಿರಾಕಿಗಳು. ಸುಂದರ ಒಳ್ಳೆಯ ಮನುಷ್ಯ, ಕುಡಿತ ಒಂದು ಬಿಟ್ಟರೆ. ಕುಡಿದೂ ಕುಡಿದೂ ಮೇದೋಜೀರಕ ಗ್ರಂಥಿ ಹಾಳಾಗಿಯೇ ಅವನಿಗೆ ಈ ಕಾಯಿಲೆ ಬಂದದ್ದು. ಕೊನೆಗೆ ಗಿರಿಜಾ ಅವನನ್ನು ಎಳೆದುಕೊಂಡು ಹೋಗಿ ಊರಿನ ಅಮ್ಮನ ಗುಡಿಯಲ್ಲಿ ಕಾಯಿ ಒಡೆಸಿ ಪ್ರಮಾಣ ಮಾಡಿಸಿದ್ದಳು. ಅಲ್ಲಿನ ಪೂಜಾರಿ ಬಹಳ ಹುಷಾರು. ನಮ್ಮ ಕಡೆ ಕೆಲವರು ಮೈಕೈ ನೋವಿಗೆ ಉಜ್ಜಿಕೊಳ್ಳುತ್ತೇವೆ, ಇಂಬಳವೆಂಬ ಜಿಗಣೆ ಕಚ್ಚಿದ ಜಾಗಕ್ಕೆ ಹಚ್ಚುತ್ತೇವೆ ಎಂದು ಸಾರಾಯಿ ತರುತ್ತಾರೆ, ಹಚ್ಚಿ ಉಳಿದದ್ದು ಹೊಟ್ಟೆಗೆ. ಅದಕ್ಕೇ ಪೂಜಾರಿ, "ಬಾಯಿಗೂ ಇಲ್ಲ, ಮೈಗೂ ತಾಗಿಸಲ್ಲ ಅಂತ ಹೇಳೋ" ಎಂದು ಹೇಳಿಸಿದ್ದ. ಸುಂದರ ಹೇಳಿದ್ದ. ಆಮೇಲೆ ಗಿರಿಜಾ ಮುಖದಲ್ಲಿ ನಗು ಕಂಡದ್ದು ನನಗೇ ಗೊತ್ತು. "ಇನ್ನೊಂದ್ಸಲ ಕುಡಿದ್ರೆ ನಾನು ಬಾಳೂರಿಗೆ ತವರಿಗೆ ಹೋಗೋದೇ ಸಿಸ್ಟರ್, ತಿರುಗಿ ಬರಲ್ಲ" ಎಂದು ಅವನೆದುರಿಗೇ ಹೇಳಿದ್ದಳು. ಅವಳು ಮಾತಿಗೆ ತಪ್ಪುವ ಹೆಂಗಸಲ್ಲ.

ಆ ದಿನ ಶುಗರ್ ವಾರ. ಹಾಡುಹಗಲು, ಹೊರಗೆ ಕಾಫಿ ಒಣಗಿಸಲು ಹೇಳಿ ಮಾಡಿಸಿದಂಥ ಬಿಸಿಲು. ದೆವ್ವಕ್ಕೆ ಅನುಕೂಲವಾಗುವಂಥದ್ದು ಏನೂ ಇರಲಿಲ್ಲ. ಜನ ಕರಗಿದ್ದರು. ಕೊನೆಗೆ ಉಳಿದಿದ್ದ ಅಜ್ಜಿಯೊಬ್ಬರ ಪಾದವನ್ನು ಸ್ಟೂಲಿನ ಮೇಲೆ ಇರಿಸಿಕೊಂಡು, ಬೆರಳ ಸಂದಿಯಲ್ಲಿ ಹುಣ್ಣು ಆಗಿದೆಯೇ ಎಂದು ನೋಡುತ್ತಿದ್ದೆ. ಕ್ಲಿನಿಕ್ಕಿನ ಮೊಬೈಲ್ ಹೊಡೆದುಕೊಂಡಿತು. ಗಿರಿಜಾ.

"ಸಿಸ್ಟರ್, ನಂದು ಥೈರಾಯ್ಡ್ ಮಾತ್ರೆ ಎರಡು ತಿಂಗಳಿಗಾಗೋಷ್ಟು ಒಟ್ಟಿಗೇ ಕೊಡ್ತೀರಾ? ಮಧ್ಯಾಹ್ನದ ಬಸ್ಸಿಗೆ ಬಂದು ಇಸ್ಕೊಂಡು, ಹಂಗೇ ಬಾಳೂರಿಗೆ ಹೋಗ್ತೀನಿ."

ಅವಳ ದನಿ ಎಂದಿನಂತೆಯೇ ಇತ್ತು, ಸ್ವಲ್ಪ ಗಟ್ಟಿಯಾಗಿತ್ತು ಅಷ್ಟೆ. "ಆಯ್ತು ಮಾರಾಯ್ತಿ, ಬಾ" ಎನ್ನಲು ಬಾಯಿ ತೆರೆದಿದ್ದೆ. ಆಗ ಆ ವಾಸನೆ ಬಂತು.

ಮೊದಲು ನನಗೆ ಆದದ್ದು ಖುಷಿ. ಮೂಗು ಬಂತು ಅಂದುಕೊಂಡೆ! ಕಳಿತ ಬಾಳೆಹಣ್ಣು, ಆ ಘಾಟು, ಗಂಟಲಿನ ಹಿಂದೆ ಅಂಟುವ ಆ ಸಿಹಿ, ಒಂಚೂರೂ ಅನುಮಾನವಿಲ್ಲ. ಎದುರಿಗೆ ಕೂತ ಅಜ್ಜಿಯದೇ ಇರಬೇಕೆಂದು ಬಗ್ಗಿ ಅವರ ಮುಖದ ಹತ್ತಿರ ಹೋದೆ. ಅವರು ಗಾಬರಿಯಾಗಿ ಹಿಂದೆ ಸರಿದರು. ಅಲ್ಲಿ ಏನೂ ಇಲ್ಲ. ಮೇಜಿನ ಮೇಲಿದ್ದ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಏನೂ ಇಲ್ಲ. ಆಗಷ್ಟೇ ಒರೆಸಿದ ನೆಲದ ಫಿನಾಯಿಲ್ ವಾಸನೆಯೂ ಇಲ್ಲ. ಬೇರೆ ಎಲ್ಲಕ್ಕೂ ನನ್ನ ಮೂಗು ಹಿಂದಿನ ದಿನದಷ್ಟೇ ಸತ್ತಿತ್ತು. ಫೋನನ್ನು ಕಿವಿಯಿಂದ ದೂರ ಹಿಡಿದೆ, ವಾಸನೆ ತಗ್ಗಿತು. ಕಿವಿಗೆ ಇಟ್ಟೆ, ಮತ್ತೆ ಬಂತು. ಹುಚ್ಚಿಯ ಹಾಗೆ ಮತ್ತೊಮ್ಮೆ ಮಾಡಿ ನೋಡಿದೆ. ಹಾಗೇ ಆಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆದರೆ ಆದದ್ದು ಹೀಗೆ.

"ಗಿರಿಜಾ, ಸುಂದರ ಎಲ್ಲಿ?" ಎಂದೆ.

"ಆ ಸುದ್ದಿ ಬೇಡ ಸಿಸ್ಟರ್. ಅಮ್ಮನ ಮುಂದೆ ಹೇಳಿದ ಮಾತು ತಿಂದ್ಕೊಂಡ್ರು. ನಿನ್ನೆಯಿಂದ ವಾಂತಿ, ನಿಲ್ಲೋಕಾಗಲ್ಲ, ಮಾತು ತೊದಲ್ತಾರೆ, ಬಾಯೆಲ್ಲ ನಾತ. ನಾನೇನು ಹೊಸದಾ ನೋಡ್ತಿರೋದು? ಮನೇಲಿ ಬಿದ್ಕೊಂಡಿದಾರೆ, ಇಳಿದ ಮೇಲೆ ಏಳ್ಲಿ. ಎದ್ದಾಗ ನಾನಿರಲ್ಲ."

"ಅದು ಹೆಂಡ ಅಲ್ಲ ಗಿರಿಜಾ."

"ಬಿಡಿ ಸಿಸ್ಟರ್, ನೀವೂ ಅವರ ಪರ ಮಾತಾಡ್ಬೇಡಿ."

ಆಗ ನನ್ನ ಬಾಯಿಂದ ಆ ಮಾತು ಬಂತು. ಯೋಚಿಸಿ ಆಡಿದ್ದಲ್ಲ. "ಕೇಳಿಲ್ಲಿ, ನಂಗೆ ಇಲ್ಲಿಗೇ ವಾಸನೆ ಬರ್ತಾ ಇದೆ. ಅದು ಹೆಂಡದ್ದಲ್ಲ, ಶುಗರಿಂದು. ಈಗಲೇ ಜೀಪು ಮಾಡ್ಕೊಂಡು ಅವನನ್ನ ಕರ್ಕೊಂಡು ಬಾ. ತಡ ಮಾಡಿದ್ರೆ ಉಳಿಯಲ್ಲ."

ಆ ಕಡೆ ಉಸಿರೆಳೆದದ್ದು ಕೇಳಿಸಿತು. "ನಿಮಗೆ ಅಲ್ಲಿಗೆ ಹೆಂಗೆ ಸಿಸ್ಟರ್..." ಎಂದಳು, ಅಷ್ಟಕ್ಕೆ ಫೋನು ಕಟ್ಟಾಯಿತು. ಕಟ್ಟಾದ ಕೂಡಲೇ ವಾಸನೆಯೂ ಹೋಯಿತು.

ಡಾಕ್ಟರ ಹತ್ತಿರ ಹೋಗಿ, ಕೀಟೋನ್ ಏರಿದ ಪೇಷಂಟ್ ಒಬ್ಬ ಬರುತ್ತಿರಬಹುದು, ಹೆಂಡತಿ ಫೋನ್ ಮಾಡಿದ್ದಳು ಎಂದಷ್ಟೇ ಹೇಳಿದೆ. ಡ್ರಿಪ್ ತಯಾರು ಮಾಡಿಟ್ಟೆ. ಆಮೇಲೆ ಕಾಯುವುದಿತ್ತಲ್ಲ, ಅದು ಕೆಟ್ಟ ಹೊತ್ತು. ಅವನು ನಿಜಕ್ಕೂ ಕುಡಿದೇ ಬಿದ್ದಿದ್ದರೆ? ತವರಿಗೆ ಹೊರಟ ಹೆಂಗಸನ್ನು ತಡೆದು, ಲೈನಿನವರೆದುರಿಗೆ ಅವಳ ಮಾನ ಕಳೆದ ಹಾಗಾಗುತ್ತಿತ್ತು. ಕುಡಿದಿಲ್ಲದಿದ್ದರೆ, ಅವಳು ನನ್ನ ಮಾತು ಕೇಳದೆ ಬಸ್ಸು ಹತ್ತಿಬಿಟ್ಟಿದ್ದರೆ? ಅದನ್ನು ಮುಂದೆ ಯೋಚಿಸಲಾಗಲಿಲ್ಲ. ಗಿರಿಜಾಗೆ ಮತ್ತೆ ಮತ್ತೆ ಫೋನ್ ಮಾಡಿದೆ, ಸಿಗಲಿಲ್ಲ.

ಕೊನೆಗೂ ಎಸ್ಟೇಟಿನ ಜೀಪು ಬಂತು. ಜೊತೆಗೆ ಬಂದಿದ್ದ, ಅಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ಮುಜುಗರದಿಂದ, "ಕುಡಿದಿದ್ದಾನೆ ಅಂತ್ಲೇ ಕಾಣ್ತದೆ ಸಿಸ್ಟರ್. ಈವಮ್ಮ ಹಟ ಹಿಡಿದ್ರು, ಬಂದ್ವಿ" ಎಂದರು. ಸುಂದರ ಗಿರಿಜಾಳ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದ. ನಾಲಿಗೆ ಒಣಗಿ ಮರದ ಚಕ್ಕೆಯಂತಾಗಿತ್ತು, ಓಡಿ ಬಂದವನ ಹಾಗೆ ಆಳವಾಗಿ ಉಸಿರಾಡುತ್ತಿದ್ದ. ರಕ್ತ ನೋಡಿದೆವು, ಮೂತ್ರ ನೋಡಿದೆವು. ಸಕ್ಕರೆ ಎಷ್ಟು ಏರಿತ್ತೆಂದರೆ ನಮ್ಮ ಮಿಷಿನ್ನು ಅಂಕಿ ತೋರಿಸುವುದನ್ನೇ ಬಿಟ್ಟಿತ್ತು. ಕೀಟೋನಿನ ಪಟ್ಟಿ ಅದ್ದಿದ್ದೇ ತಡ ಕಡು ನೇರಳೆಗೆ ತಿರುಗಿತು. ಡಾಕ್ಟರು ನನ್ನ ಮುಖ ನೋಡಿ, "ಸಂಜೆವರೆಗೆ ಬಿಟ್ಟಿದ್ರೆ ಕಥೆ ಮುಗೀತಿತ್ತು" ಎಂದರು.

ನನ್ನ ಜೊತೆಗಿದ್ದ ಹುಡುಗಿ, "ಅಬ್ಬ, ವಾಸನೆ ಮುಖಕ್ಕೇ ಹೊಡೀತದಲ್ಲ ಸಿಸ್ಟರ್" ಎಂದು ಮಾಸ್ಕನ್ನು ಮೇಲಕ್ಕೆಳೆದುಕೊಂಡಳು. ನಾನು ನನ್ನ ಮಾಸ್ಕ್ ಕೆಳಗಿಳಿಸಿ ಅವನ ಬಾಯಿಯ ಹತ್ತಿರಕ್ಕೆ ಬಗ್ಗಿದೆ. ಅವನ ಉಸಿರು ಬಿಸಿಯಾಗಿ ಕೆನ್ನೆಗೆ ತಾಗುತ್ತಿತ್ತು. ನನಗೆ ಯಾವ ವಾಸನೆಯೂ ಬರಲಿಲ್ಲ.

ಡ್ರಿಪ್, ಇನ್ಸುಲಿನ್, ಗಂಟೆಗಂಟೆಗೆ ಬೆರಳು ಚುಚ್ಚಿ ನೋಡುವುದು, ಪೊಟ್ಯಾಸಿಯಂ ಇಳಿಯದ ಹಾಗೆ ಕಾಯುವುದು, ಹೀಗೆ ಅವತ್ತು ಕಳೆಯಿತು. ಮರುದಿನ ಬೆಳಿಗ್ಗೆ ಸುಂದರ ಕಣ್ಣು ಬಿಟ್ಟು ಗಂಜಿ ಕೇಳಿದ. ಗಿರಿಜಾ ಹಾಸಿಗೆಯ ಪಕ್ಕದಲ್ಲೇ ಇದ್ದಳು, ಆದರೆ ಅವನ ಮುಖ ನೋಡಲಿಲ್ಲ, ಮಾತಾಡಿಸಲಿಲ್ಲ.

ಇನ್ಸುಲಿನ್ ಯಾಕೆ ಬಿಟ್ಟೆ ಎಂದು ಕೇಳಿದರೆ ಮೊದಲು ಬಾಯಿ ಬಿಡಲಿಲ್ಲ. ಗದರಿದ ಮೇಲೆ ಹೇಳಿದ. ಚುಚ್ಚುವ ಮೊದಲು ಹೊಟ್ಟೆಯ ಮೇಲೆ ಸ್ಪಿರಿಟ್ ಹತ್ತಿಯಿಂದ ಒರೆಸಿಕೊಳ್ಳಲು ನಾವು ಹೇಳಿಕೊಟ್ಟಿದ್ದೆವು, ಹತ್ತಿಯನ್ನೂ ನಾವೇ ಕೊಡುತ್ತಿದ್ದೆವು. ಪಲ್ಪರ್ ಮನೆಯಲ್ಲಿ ಯಾರೋ ಅದನ್ನು ಮೂಸಿ ನೋಡಿ, "ಏನ್ ಮಾರಾಯ, ಇದೂ ಅದೇ ಸಾಮಾನಲ್ವಾ? ದಿನಾ ಮೈಗೆ ಹಚ್ಕೊಂಡು ಅಮ್ಮನಿಗೆ ಟೋಪಿ ಹಾಕ್ತಿದ್ದೀಯ" ಎಂದು ಗೇಲಿ ಮಾಡಿದ್ದರು. ಮೈಗೂ ತಾಗಿಸಲ್ಲ ಎಂದು ಪ್ರಮಾಣ ಮಾಡಿದ್ದನಲ್ಲ! ಎಸ್ಟೇಟ್ ಗೇಟಿನಲ್ಲಿ ಕೈಗೆ ಸ್ಯಾನಿಟೈಸರ್ ಹಾಕಲು ಬಂದರೂ ಕೈ ಹಿಂದೆ ಕಟ್ಟಿಕೊಂಡು ಸೋಪು ಹುಡುಕುತ್ತಿದ್ದನಂತೆ. ಒರೆಸದೆ ಚುಚ್ಚಬಾರದು ಎಂದು ನಾವು ಹೇಳಿದ್ದೆವು, ಒರೆಸಿದರೆ ಮಾತು ಮುರಿಯುತ್ತದೆ, ಹಾಗಾಗಿ ಇನ್ಸುಲಿನನ್ನೇ ಬಿಟ್ಟುಬಿಟ್ಟಿದ್ದ. ಗಿರಿಜಾಗೆ ಹೇಳಿದರೆ ಇಷ್ಟು ದಿನ ಹಚ್ಚಿಕೊಂಡದ್ದಕ್ಕೂ ಬೈಯುತ್ತಾಳೆಂದು ಹೇಳಿರಲಿಲ್ಲ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರೆ ಎಂಬ ಗಾದೆಯುಂಟು. ಇವನು ಮರದ ಹತ್ತಿರಕ್ಕೂ ಹೋಗದೆ ಕುಡುಕನೆನಿಸಿಕೊಂಡು ಸಾಯಲು ಹೊರಟಿದ್ದ. ಸೋಪು ನೀರಿನಲ್ಲಿ ತೊಳೆದು ಒಣಗಿಸಿಕೊಂಡರೂ ಸಾಕು ಮಾರಾಯ ಎಂದು ಅವತ್ತೇ ಹೇಳಿದೆ. ಈಗ ಎಲ್ಲರಿಗೂ ಹಾಗೇ ಹೇಳುತ್ತೇನೆ.

ಅದೇ ದಿನ ಧೈರ್ಯ ಮಾಡಿ ಡಾಕ್ಟರಿಗೆ ವಾಸನೆಯ ಸಂಗತಿ ಹೇಳಿದೆ. ಅವರು ನಗಲಿಲ್ಲ. "ಸಿಸ್ಟರ್, ಕೀಟೋನ್ ಏರಿದವರ ಉಸಿರಿನ ಸದ್ದು ನಿಮಗೆ ಚೆನ್ನಾಗಿ ಗೊತ್ತು. ಫೋನಿನ ಹಿಂದೆ ಆ ಸದ್ದು ಕೇಳಿಸಿರುತ್ತೆ. ಕಿವಿ ಹೇಳಿದ್ದನ್ನ ಮಿದುಳು ಮೂಗಿಗೆ ದಾಟಿಸಿದೆ, ಅಷ್ಟೇ" ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಎಷ್ಟು ಅಚ್ಚುಕಟ್ಟಾದ ಉತ್ತರ! ಮಾರನೆಯ ದಿನ ಗಿರಿಜಾಳನ್ನು ಸುಮ್ಮನೆ ಕೇಳಿದೆ, ಫೋನ್ ಮಾಡುವಾಗ ಸುಂದರ ಎಷ್ಟು ದೂರದಲ್ಲಿ ಮಲಗಿದ್ದ ಎಂದು.

"ಲೈನಲ್ಲಿ ಎಲ್ಲಿ ಸಿಸ್ಟರ್ ನೆಟ್‌ವರ್ಕ್? ಗುಡ್ಡದ ಮೇಲೆ ಬಂಡೆ ಉಂಟಲ್ಲ, ಅಲ್ಲಿ ಹತ್ತಿ ಮಾಡಿದ್ದು. ಮನೆ ಬಾಗಿಲು ಹಾಕ್ಕೊಂಡೇ ಹೋಗಿದ್ದೆ" ಎಂದಳು.

ಡಾಕ್ಟರಿಗೆ ಇದನ್ನೂ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಕೊರೊನಾದಲ್ಲಿ ಮೂಗು ಹೋದವರಿಗೆ ಇಲ್ಲದ ವಾಸನೆ ಬರುವುದುಂಟು, ಕೆಲವರಿಗೆ ಸುಟ್ಟ ರಬ್ಬರು, ಕೆಲವರಿಗೆ ಕೊಳೆತ ಹಣ್ಣು ಎಂದರು. ಅದೂ ನಿಜವೇ, ನಾನೂ ಓದಿದ್ದೇನೆ. ಆದರೆ ಆ ವಾಸನೆ ನನಗೆ ಅವತ್ತಿಗಿಂತ ಮೊದಲು ಬರಲಿಲ್ಲ, ಆಮೇಲೂ ಬರಲಿಲ್ಲ. ಫೋನಿನ ಜೊತೆ ಬಂದು ಫೋನಿನ ಜೊತೆ ಹೋಯಿತು. ಗಿರಿಜಾಳ ಸೀರೆಗೆ ಹತ್ತಿದ ವಾಸನೆಯೇ ಇರಬಹುದು ಎಂದರೂ ಸೀರೆ ಇದ್ದದ್ದು ಸಂಸೆಯ ಗುಡ್ಡದ ಮೇಲೆ, ನಾನಿದ್ದದ್ದು ಕಳಸದಲ್ಲಿ. ಕಾಕತಾಳೀಯ ಎನ್ನುವ ಮಾತು ಇದೆ. ಅದನ್ನೂ ಹೇಳಿಕೊಂಡು ನೋಡಿದ್ದೇನೆ, ಮನಸ್ಸು ಒಪ್ಪುವುದಿಲ್ಲ. ವರ್ಷ ಕಳೆದ ಮೇಲೆ ನನ್ನ ಮೂಗು ನಿಧಾನವಾಗಿ ಸರಿಹೋಯಿತು. ಮೊದಲು ಬಂದದ್ದು ಸೀಗೆಪುಡಿಯ ವಾಸನೆ. ಅದು ಬಂದಾಗ ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಅದರಲ್ಲಿ ವಿಚಿತ್ರವೇನೂ ಇರಲಿಲ್ಲ.

ಆದರೆ ನನ್ನನ್ನು ಈಗಲೂ ಕಾಡುವುದು ಸುಂದರನನ್ನು ಮನೆಗೆ ಕಳಿಸಿದ ದಿನ ಆದದ್ದು. ಅವನು ಅಂಗಿ ಗುಂಡಿ ಹಾಕಿಕೊಂಡು ಹಾಸಿಗೆಯ ಅಂಚಿನಲ್ಲಿ ಕೂತಿದ್ದ. ಗಿರಿಜಾ ಚೀಲ ಕಟ್ಟಿ ಬಾಗಿಲ ಹತ್ತಿರ ನಿಂತಿದ್ದಳು. ನಾನು ಕೀಟೋನ್ ಎಂದರೇನು ಎಂದು ಮತ್ತೊಮ್ಮೆ ವಿವರಿಸಿದೆ. ಕುಡಿದವರ ಹಾಗೇ ತೂರಾಡುತ್ತಾರೆ, ಹಾಗೇ ತೊದಲುತ್ತಾರೆ, ಉಸಿರು ಹಣ್ಣು ಹುಳಿತ ಹಾಗೆ ನಾರುತ್ತದೆ, ರಕ್ತ ಪರೀಕ್ಷೆಯಲ್ಲಿ ಎಲ್ಲ ಗೊತ್ತಾಗಿದೆ ಎಂದೆ. ಅವಳು ತಲೆಯಾಡಿಸುತ್ತ ಕೇಳಿದಳು.

"ಮಿಷಿನ್ ವಿಷ್ಯ ನಂಗೆ ಗೊತ್ತಾಗಲ್ಲ ಸಿಸ್ಟರ್. ಡಾಕ್ಟರು ದೊಡ್ಡವರು, ಸಂಸಾರ ಉಳೀಲಿ ಅಂತ ಒಂದು ಮಾತು ಹೇಳ್ಬೋದು. ನಾನು ಅವತ್ತು ಗುಡ್ಡ ಇಳಿದು ಓಡಿದ್ದು ಮಿಷಿನ್ ಮಾತಿಗೂ ಅಲ್ಲ, ಡಾಕ್ಟರ ಮಾತಿಗೂ ಅಲ್ಲ. ನಿಮಗೆ ವಾಸನೆ ಬರ್ತಿದೆ ಅಂದ್ರಲ್ಲ, ಅದಕ್ಕೆ. ಇಲ್ದಿದ್ರೆ ಬಸ್ಸು ಹತ್ತಿರ್ತಿದ್ದೆ" ಎಂದಳು. ಆಮೇಲೆ ನನ್ನೆದುರು ಬಂದು ಅಂಗೈ ಚಾಚಿದಳು. ಕಾಫಿ ಕೊಯ್ದು ಕೊಯ್ದು ಕಪ್ಪಾದ ಕೈ. "ಕೈಮೇಲೆ ಕೈ ಇಟ್ಟು ಹೇಳಿ. ನೀವು ಮೂಸಿದ್ದು ಹೌದಾ? ಹೆಂಡದ್ದಾ, ಅಲ್ವಾ?"

ಸುಂದರ ನನ್ನ ಮುಖ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದ.

ಆಣೆ ಪ್ರಮಾಣಗಳಲ್ಲಿ ನನಗೆ ನಂಬಿಕೆಯಿಲ್ಲ, ಆದರೆ ಅವಳಿಗಿದೆ. ತಿಂಗಳುಗಟ್ಟಲೆ ನನ್ನ ಮೂಗು ಸತ್ತಿತ್ತು ಗಿರಿಜಾ, ಅವನ ಬಾಯಿಯ ಹತ್ತಿರ ಬಗ್ಗಿದಾಗಲೂ ನನಗೆ ಏನೂ ಗೊತ್ತಾಗಲಿಲ್ಲ ಎಂದು ಹೇಳಿದ್ದರೆ, ಅವಳು ಆ ಚೀಲ ಹೊತ್ತು ನೇರ ಬಾಳೂರಿನ ಬಸ್ಸಿಗೆ ಹೋಗುತ್ತಿದ್ದಳು. ನಾನು ಅವಳ ಕೈಮೇಲೆ ನನ್ನ ಕೈ ಇಟ್ಟೆ. "ಮೂಸಿದ್ದೆ. ಹೆಂಡದ್ದಲ್ಲ" ಎಂದೆ. ಅವಳು ನನ್ನ ಕೈಯನ್ನು ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಗಂಡನ ಕಡೆ ತಿರುಗಿ, ಇಷ್ಟು ದಿನಗಳಲ್ಲಿ ಮೊದಲ ಸಲ ಅವನನ್ನು ಮಾತಾಡಿಸಿದಳು. "ಏಳಿ, ಮನೆಗೆ ಹೋಗಣ."

ಹೆಂಡದ್ದಲ್ಲ ಎಂದದ್ದು ನಿಜ. ಮೂಸಿದ್ದೆ ಎಂದದ್ದು ನಿಜವೋ ಸುಳ್ಳೋ, ಇವತ್ತಿಗೂ ನನಗೆ ಗೊತ್ತಿಲ್ಲ.